ಸತ್ಯವೇದ ಓದು, 13ನೇ ವಾರ: ದಾವೀದ ಕೇಳದೇ ಬಿಟ್ಟ ಮಾತು

ಈ ಶನಿವಾರಕ್ಕೆ 292 ಅಧ್ಯಾಯ ಆಯಿತು. 299 ಆಗಬೇಕಿತ್ತು. ಏಳು ಬಾಕಿ.

ನಮ್ಮ ಲೆಕ್ಕ ಸುಲಭ. 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವಾರಕ್ಕೆ 23. ವರ್ಷದೊಳಗೆ ಮುಗಿಯುತ್ತದೆ. ಸಭೆಯ ಪುರುಷರ ಕೂಟದ ನಾವು ನಾಲ್ಕು ಜನ ಜನವರಿಯಲ್ಲಿ ಶುರು ಮಾಡಿದೆವು. ಗಂಡ ಹೇಗಿರಬೇಕು, ತಂದೆ ಹೇಗಿರಬೇಕು ಅಂತ ಮಾತು ಬಂದಾಗಲೆಲ್ಲ ಎಫೆಸದವರಿಗೆ ಬರೆದ ಪತ್ರಿಕೆಯ ಅವೇ ನಾಲ್ಕು ವಚನ ಓದಿ ಎದ್ದು ಬರುತ್ತಿದ್ದೆವು. ಈ ಸಲ ಆದಿಕಾಂಡದಿಂದ ಸಾಲಾಗಿ ಓದೋಣ, ಅಲ್ಲಿನ ಗಂಡಸರು ನಿಜವಾಗಿ ಏನು ಮಾಡಿದರು ಅಂತ ನೋಡೋಣ ಅಂದುಕೊಂಡೆವು. ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಹೆಸರು, ಬಲಗಡೆ ಅವನು ಮಾಡಿದ್ದು.

ಮೊದಲು ಬಲಗಡೆ ತುಂಬಿದ್ದು ಯೆಹೂದನದು. 37ನೇ ಅಧ್ಯಾಯದಲ್ಲಿ ತಮ್ಮ ಯೋಸೇಫನನ್ನು ಮಾರಿಬಿಡೋಣ ಅಂದವನು ಅವನೇ. ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. 38ರಲ್ಲಿ ಸೊಸೆ ತಾಮಾರಳ ವಿಷಯ ಬಯಲಾದಾಗ, ಅವಳು ನನಗಿಂತ ನೀತಿವಂತಳು ಅಂತ ಒಪ್ಪಿಕೊಳ್ಳುತ್ತಾನೆ. 44ರಲ್ಲಿ, ಕಿರಿಯ ತಮ್ಮ ಬೆನ್ಯಾಮೀನನ ಬದಲು ನಾನೇ ಗುಲಾಮನಾಗಿ ಇಲ್ಲಿ ಉಳಿಯುತ್ತೇನೆ ಅನ್ನುತ್ತಾನೆ. ಅದೇ ಮನುಷ್ಯ! ಇನ್ನು ಯೋಸೇಫ. ಐಗುಪ್ತವನ್ನೇ ಆಳಿದವನು ಎಷ್ಟು ಸಲ ಅಳುತ್ತಾನೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಎಂಟು ಸಲ.

ವಿಮೋಚನಕಾಂಡದ ಆರಾಧನೆಯ ಗುಡಾರದ ಅಳತೆಗಳಲ್ಲಿ ನಿಧಾನವಾದೆ. ಯಾಜಕಕಾಂಡದಲ್ಲಂತೂ ಹನ್ನೊಂದು ಅಧ್ಯಾಯ ಹಿಂದೆ ಬಿದ್ದೆ. ಆದರೆ ವಿಮೋಚನಕಾಂಡದ ಆ ಗುಡಾರದ ಅಧ್ಯಾಯಗಳಲ್ಲೇ ಬೆಚಲೇಲ ಸಿಕ್ಕಿದ. ಚಿನ್ನ, ಬೆಳ್ಳಿ, ಮರದ ಕೆಲಸ ಮಾಡಲಿಕ್ಕೆ ಇವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಅಂತ ದೇವರೇ ಹೇಳುತ್ತಾನೆ. ನನ್ನ ಅಜ್ಜ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯ ಕೆಲಸಗಾರ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚು ಶುರು ಮಾಡಿದ ಮೇಲೆ ನಮ್ಮ ಸಭೆಗಳ ಎಷ್ಟೋ ಮನೆಗಳ ಅನ್ನ ಅದೇ ಮಣ್ಣಿನಿಂದ ಬಂದದ್ದು. ಬೆಚಲೇಲನ ಎದುರು ಅಜ್ಜನ ಹೆಸರನ್ನೂ ಬರೆದಿಟ್ಟೆ.

ಅರಣ್ಯಕಾಂಡದಿಂದ ನ್ಯಾಯಸ್ಥಾಪಕರ ತನಕ ವೇಗವಾಗಿ ಓದಿದೆ. ರೂತಳನ್ನು ಒಂದೇ ಕೂತಿಕೆಯಲ್ಲಿ ಮುಗಿಸಿದೆ. ಬಾಕಿ ಒಂದಕ್ಕೆ ಇಳಿಯಿತು.

ಸಮುವೇಲನ ಪುಸ್ತಕಗಳಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಎದುರಾಯಿತು. ಯಾಜಕ ಏಲಿಯ ಮಕ್ಕಳು ದಾರಿ ತಪ್ಪಿದರು. ಏಲಿಯ ಮನೆಯಲ್ಲೇ ಬೆಳೆದು ಅದನ್ನೆಲ್ಲ ಕಣ್ಣಾರೆ ಕಂಡ ಸಮುವೇಲನ ಮಕ್ಕಳೂ ಲಂಚ ತಿಂದರು. ಆಮೇಲೆ ಅರಸ ದಾವೀದ. ಮಗ ಅಮ್ನೋನ ತಂಗಿಯನ್ನೇ ಕೆಡಿಸಿದ ಸುದ್ದಿ ಕೇಳಿ ಅರಸನಿಗೆ ಬಹಳ ಕೋಪ ಬಂತು. ಅಷ್ಟೇ. ಏನೂ ಮಾಡಲಿಲ್ಲ. ಇನ್ನೊಬ್ಬ ಮಗ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿ ಗೆಷೂರಿಗೆ ಓಡಿಹೋಗಿ ಮೂರು ವರ್ಷ ಅಲ್ಲಿದ್ದ. ವಾಪಸ್ ಕರೆಸಿದ ಮೇಲೂ ಎರಡು ವರ್ಷ ಯೆರೂಸಲೇಮಿನಲ್ಲೇ ಇದ್ದು ಅಪ್ಪನ ಮುಖ ನೋಡಲಿಲ್ಲ. ಒಟ್ಟು ಐದು ವರ್ಷ. ದೈತ್ಯ ಗೊಲ್ಯಾತನ ಎದುರು ನಿಂತವನಿಗೆ ಮಗನನ್ನು ಎದುರು ಕೂರಿಸಿಕೊಂಡು ಮಾತಾಡಲು ಆಗಲಿಲ್ಲ.

ಗುರುವಾರ ಬೆಳಗ್ಗೆ ಐದೂವರೆಗೆ 1 ಅರಸುಗಳು, ಮೊದಲನೇ ಅಧ್ಯಾಯ, ಆರನೇ ವಚನ. ದಾವೀದನ ಮತ್ತೊಬ್ಬ ಮಗ ಅದೋನೀಯ ತಾನೇ ಅರಸನಾಗಲು ಹೊರಟಿದ್ದಾನೆ. ಹೀಗೇಕೆ ಮಾಡಿದೆ ಅಂತ ಅವನ ತಂದೆ ಅವನನ್ನು ಯಾವತ್ತೂ ಕೇಳಿ ನೋಯಿಸಿರಲಿಲ್ಲ, ಅಂತ ಅಲ್ಲಿ ಬರೆದಿದೆ. ಪುಸ್ತಕ ಮುಚ್ಚಿದೆ.

ನನ್ನ ಮಗ ಸೆಕೆಂಡ್ ಪಿಯುಸಿ. ಮೂರು ವಾರದಿಂದ ಸಿಇಟಿ ಕೋಚಿಂಗ್‌ಗೆ ಹೋಗ್ತಾ ಇಲ್ಲ ಅಂತ ಹೆಂಡತಿ ಹೇಳಿದಾಗಿನಿಂದ ನಾನು ಅವನ ಹತ್ತಿರ ಮಾತು ಬಿಟ್ಟಿದ್ದೆ. ಪಕ್ಕದ ಕೋಣೆಯಲ್ಲೇ ಇರುತ್ತಾನೆ, ಆದರೂ ಊಟಕ್ಕೆ ಬರ್ಲಿಕ್ಕೆ ಹೇಳು ಅಂತ ಅವಳ ಮೂಲಕ ಹೇಳಿಸುತ್ತಿದ್ದೆ. ಅದನ್ನೇ ಶಿಸ್ತು ಅಂದುಕೊಂಡಿದ್ದೆ.

ಗುರುವಾರ ರಾತ್ರಿ ಊಟ ಆದ ಮೇಲೆ ಅವನ ಮಂಚದ ತುದಿಯಲ್ಲಿ ಕೂತೆ. "ಯಾಕೋ ಹೀಗೆ ಮಾಡಿದೆ?" ಅಂದೆ. ಬೈಗುಳ ಬರುತ್ತೆ ಅಂತ ಕಾಯುತ್ತಿದ್ದನೋ ಏನೋ, ತುಂಬಾ ಹೊತ್ತು ಚಾರ್ಜರ್ ವಯರನ್ನು ಬೆರಳಿಗೆ ಸುತ್ತುತ್ತಾ ಇದ್ದ. ಆಮೇಲೆ, "ಪಪ್ಪಾ, ಅಲ್ಲಿ ಹೇಳುವುದು ನಂಗೆ ಏನೂ ಅರ್ಥ ಆಗ್ತಿಲ್ಲ. ಹೇಳಿದ್ರೆ ನೀವು ಮಾತಾಡೋದೇ ಬಿಡ್ತೀರಿ ಅಂತ ಹೇಳಲಿಲ್ಲ" ಅಂದ.

ನಾನು ಅದನ್ನೇ ಮಾಡಿದ್ದೆ, ಅಲ್ವಾ?

ಶುಕ್ರವಾರ, ಶನಿವಾರ ಬೆಳಗ್ಗೆ ಐದೂವರೆಗೆ ಸತ್ಯವೇದದ ಬದಲು ಫಿಸಿಕ್ಸ್ ಪುಸ್ತಕ ತೆರೆದೆವು. ಎಲ್ಲಿಂದ ಕೈ ತಪ್ಪಿತು ಅಂತ ಹಿಂದೆ ಹಿಂದೆ ಹುಡುಕುತ್ತಾ ಹೋದರೆ ಫಸ್ಟ್ ಪಿಯುಸಿಯ ರೊಟೇಶನ್ ಪಾಠಕ್ಕೆ ಬಂದು ನಿಂತೆವು. ಬಾಕಿ ಏಳರಲ್ಲಿ ಆರು ಆ ಎರಡು ದಿನದ್ದು.

ಇನ್ನು 897 ಅಧ್ಯಾಯ. ನಾಳೆ ಆರಾಧನೆ ಮುಗಿಸಿ ಬಂದು ಐದರ ಜೊತೆ ಎರಡು ಜಾಸ್ತಿ ಓದುತ್ತೇನೆ. ಸೋಮವಾರದಿಂದ ಊಟದ ಮೇಜಿನ ಆ ಕಡೆ ಅವನು, ಈ ಕಡೆ ನಾನು. ಅಲಾರಂ ಅವನೇ ಇಟ್ಟಿದ್ದಾನೆ, ಐದೂಕಾಲಿಗೆ.