ಟಾರ್ಚ್ ಇದೆ, ಮಾತ್ರೆ ಚೀಟಿ ಎಲ್ಲಿ?

ನಾನು ನರ್ಸ್. ಪ್ರವಾಹ ಬಂದರೆ ನಮ್ಮನ್ನು ಪರಿಹಾರ ಕೇಂದ್ರಕ್ಕೆ ಹಾಕುತ್ತಾರೆ. ಅಲ್ಲಿಗೆ ಬರುವವರ ಚೀಲದಲ್ಲಿ ಟಾರ್ಚ್, ಚಾರ್ಜರ್, ಮನೆ ಪತ್ರ ಎಲ್ಲಾ ಇರುತ್ತದೆ. ಬಿಪಿ ಮಾತ್ರೆ ಮಾತ್ರ ಇರುವುದಿಲ್ಲ. ಯಾವ ಮಾತ್ರೆ ತಗೋತೀರಿ ಅಂತ ಕೇಳಿದರೆ, "ಬೆಳ್ಳಗೆ, ಚಿಕ್ಕದಾಗಿ ಇರತ್ತಲ್ಲಾ ಸಿಸ್ಟರ್, ಅದೇ" ಅನ್ನುತ್ತಾರೆ. ಬಿಳಿ ಮಾತ್ರೆಗೇನು ಬರವಾ! ಔಷಧಿ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಕಾಗದದಲ್ಲೂ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿಡಿ. ಚಾರ್ಜ್ ಮುಗಿದರೆ ಮೊಬೈಲ್‌ನಲ್ಲಿರುವ ಫೋಟೊ ಸಿಗುವುದಿಲ್ಲ, ಅಲ್ವಾ?

ನೆರೆ ಇಳಿದ ಮೇಲೆ ನಮಗೆ ಕೆಲಸ ಇನ್ನೂ ಜಾಸ್ತಿ. ವಾಂತಿಭೇದಿ, ಇಲಿಜ್ವರ ಶುರುವಾಗುವುದು ಆಗಲೇ. ಕುಡಿಯುವ ನೀರು ಶುದ್ಧ ಮಾಡಲು ಕ್ಲೋರಿನ್ ಮಾತ್ರೆ ಕೊಟ್ಟರೆ ಎಷ್ಟೋ ಜನ ನೀರಿಗೆ ಹಾಕಿ, ಕಲಕಿ ತಕ್ಷಣ ಕುಡಿದುಬಿಡುತ್ತಾರೆ. ಕನಿಷ್ಠ 30 ನಿಮಿಷ ಬಿಡಬೇಕು. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ. ಇಲ್ಲದಿದ್ದರೆ ಕ್ಲೋರಿನ್ ಕೊಳೆಯ ಮೇಲೇ ಖರ್ಚಾಗಿಬಿಡುತ್ತದೆ.

ವಾಂತಿಭೇದಿಯಾದವರಿಗೆ ಕುಡಿಸುವ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪನ್ನು ಸುಮ್ನೆ ಕೈಯಂದಾಜಿನಲ್ಲಿ ಹಾಕಬೇಡಿ. ಜಾಸ್ತಿಯಾದರೆ ಮಕ್ಕಳಿಗೆ ಅಪಾಯ.

ಇನ್ನೊಂದು ಕೆಲಸ ಮಳೆಗಾಲಕ್ಕೆ ಮೊದಲೇ ಆಗಬೇಕು. ನಿಮ್ಮ ಬೀದಿಯಲ್ಲಿ ಡಯಾಲಿಸಿಸ್‌ಗೆ ಹೋಗುವವರು, ತುಂಬು ಗರ್ಭಿಣಿಯರು, ಹಾಸಿಗೆ ಹಿಡಿದವರು ಯಾರಿದ್ದಾರೆ? ಅವರನ್ನೇ ಕೇಳಿ, ಒಪ್ಪಿದರೆ ಹೆಸರು ಬರೆದು ಆರೋಗ್ಯ ಕಾರ್ಯಕರ್ತೆಗೆ ಕೊಡಿ. ದೋಣಿ ಮೊದಲು ಯಾವ ಬಾಗಿಲಿಗೆ ಹೋಗಬೇಕು ಅಂತ ಆ ಪಟ್ಟಿ ನೋಡಿಯೇ ಹೇಳಬಹುದು.