ಬಳಸುವವರ ಪಕ್ಕ ಕೂತ ಶನಿವಾರ

14 ಜೂನ್ 2025, ಶನಿವಾರ

ಇವತ್ತು ತರಗತಿಯ ಸಮಯ ಮುಗಿದ ಮೇಲೂ ಯಾರೂ ಎದ್ದು ಹೋಗಲಿಲ್ಲ. ಕಂಡದ್ದು ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ.

ನಾನು ಪ್ರೋಗ್ರಾಂ ಬರೆಯಲು ಕಲಿಸುವ ಶನಿವಾರದ ಗುಂಪಿನಲ್ಲಿ ಇರುವವರೆಲ್ಲ ಇಪ್ಪತ್ತರ ಆಸುಪಾಸಿನವರು. ಕೆಲವರು ಕಂಪ್ಯೂಟರ್ ಓದುತ್ತಿದ್ದಾರೆ. ಕೆಲವರು ಬೇರೆ ಏನೋ ಓದುತ್ತಾ ಈ ಕಡೆ ವಾಲುತ್ತಿದ್ದಾರೆ. ಹೊಸಬರು ಬಂದಾಗಲೆಲ್ಲ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಪೈಥಾನ್ ಕಲಿಯಲೋ, ಜಾವಾ ಕಲಿಯಲೋ? ಯಾವುದಕ್ಕೆ ಬೇಡಿಕೆ ಜಾಸ್ತಿ? ಯಾವುದಾದರೂ ಒಂದನ್ನು ಹಿಡಿ, ಅರ್ಧಕ್ಕೆ ಬಿಡಬೇಡ ಅನ್ನುತ್ತೇನೆ. ಒಂದು ಚೆನ್ನಾಗಿ ಕೈಗೆ ಹತ್ತಿದರೆ ಇನ್ನೊಂದು ಕಲಿಯುವುದು ಕಷ್ಟವಲ್ಲ.

ಆದರೆ ಈ ಸಲ ಒಬ್ಬ ಹುಡುಗ ಬೇರೆಯೇ ಕೇಳಿದ. "ಮೇಡಂ, ಕಲಿತಿದ್ದೀನಿ, ಪ್ರೋಗ್ರಾಂ ಓಡುತ್ತೆ. ಆದ್ರೆ ಯಾಕೆ ಮಾಡ್ತಿದ್ದೀನಿ ಅಂತಲೇ ಗೊತ್ತಾಗಲ್ಲ. ಬೇರೆಯವರಿಗೆಲ್ಲ ಏನೋ ಒಂದು ಗುರಿ ಇದೆ."

ಅವನ ಪ್ರಾಜೆಕ್ಟುಗಳನ್ನು ತೆಗೆದು ತೋರಿಸಲು ಹೇಳಿದೆ. ಕ್ಯಾಲ್ಕ್ಯುಲೇಟರ್, ಟು-ಡು ಲಿಸ್ಟ್, ಹವಾಮಾನ ತೋರಿಸುವ ಆಪ್. ಮೂರೂ ವಿಡಿಯೋ ನೋಡಿ ಮಾಡಿದ್ದು, ಮೂರೂ ಅಚ್ಚುಕಟ್ಟು. ಆದರೆ ಅವನನ್ನು ಬಿಟ್ಟು ಇನ್ನೊಬ್ಬರು ಅವನ್ನು ಒಮ್ಮೆಯೂ ಬಳಸಿಲ್ಲ. ಹೀಗಿರುವಾಗ ಕೆಲಸ ಸಾರ್ಥಕ ಅಂತ ಎಲ್ಲಿಂದ ಅನ್ನಿಸಬೇಕು? 'ನಿನ್ನ ಆಸಕ್ತಿ ಏನು ಅಂತ ಮೊದಲು ಕಂಡುಕೊ' ಅಂತ ಈ ವಯಸ್ಸಿನವರಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕಾಣದಿದ್ದರೆ ತನ್ನಲ್ಲೇ ಏನೋ ಕೊರತೆ ಅಂದುಕೊಂಡು ಮಕ್ಕಳು ಕೊರಗುತ್ತಾರೆ. ಬಳಸುವವರ ಪಕ್ಕ ಕೂತು ಒಮ್ಮೆ ನೋಡಿದರೆ ಸಾಕು, ಏನು ಮಾಡಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ.

ಇವತ್ತು ನನ್ನ ಗೆಳತಿಯನ್ನು ಕರೆಸಿದ್ದೂ ಅದಕ್ಕೇ. ಅವಳು ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ತಂತ್ರಾಂಶ ಬಳಸುತ್ತಾಳೆ. ಅದು ಓದುವ ವೇಗಕ್ಕೆ ನಮಗೆ ಒಂದು ಪದವೂ ತಿಳಿಯುವುದಿಲ್ಲ. ಅವಳಿಗೆ ಅದು ಮಾಮೂಲು.

ಗುಂಪಿನ ಒಬ್ಬ ಹುಡುಗಿ ರಕ್ತದಾನಿಗಳು ಹೆಸರು ನೋಂದಾಯಿಸುವ ಫಾರಂ ಮಾಡಿದ್ದಳು. ನೋಡಲು ಬಹಳ ಚೆಂದ. ಬಣ್ಣ, ಅಂತರ, ಅಕ್ಷರ ಎಲ್ಲವನ್ನೂ ಪ್ರೀತಿಯಿಂದ ಮಾಡಿದ್ದಳು. ಗೆಳತಿ ಲ್ಯಾಪ್‌ಟಾಪ್ ಮುಂದೆ ಕೂತು, ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಹೋಗುವ ಟ್ಯಾಬ್ ಕೀ ಒತ್ತಿದಳು. "ಎಡಿಟ್, ಬ್ಲ್ಯಾಂಕ್" ಅಂದಿತು ಎನ್‌ವಿಡಿಎ. ಇನ್ನೊಮ್ಮೆ ಒತ್ತಿದಳು. "ಎಡಿಟ್, ಬ್ಲ್ಯಾಂಕ್." ಮತ್ತೆ ಅದೇ. ಇಲ್ಲೊಂದು ತುಂಬುವ ಬಾಕ್ಸ್ ಇದೆ, ಖಾಲಿ ಇದೆ ಅಂತ ಅಷ್ಟೇ ಅರ್ಥ. ಹೆಸರು ಎಲ್ಲಿ, ಫೋನ್ ನಂಬರ್ ಎಲ್ಲಿ, ಊಹೆ ಮಾಡಬೇಕಷ್ಟೆ. ಆ ಪದಗಳು ಪರದೆಯಲ್ಲಿ ಬಾಕ್ಸುಗಳ ಪಕ್ಕದಲ್ಲೇ ಇದ್ದವು. ಆದರೆ ಇದು ಈ ಬಾಕ್ಸಿನ ಹೆಸರು ಅಂತ ಕೋಡಿನಲ್ಲಿ ತಿಳಿಸುವ ಲೇಬಲ್ ಟ್ಯಾಗ್ ಹಾಕಿ ಬಾಕ್ಸಿಗೆ ಜೋಡಿಸಿರಲಿಲ್ಲ. ಕಣ್ಣಿಗೆ ಪಕ್ಕದಲ್ಲಿದ್ದರೂ ಯಂತ್ರದ ಪಾಲಿಗೆ ಅವೆರಡಕ್ಕೂ ಸಂಬಂಧವೇ ಇಲ್ಲ.

ಕೊನೆಗೆ ಗೆಳತಿ ಕೇಳಿದಳು, "ಇಷ್ಟೇನಾ? ಕಳಿಸೋದು ಎಲ್ಲಮ್ಮಾ?"

ಕಳಿಸುವ ಬಟನ್ ಪರದೆಯ ಮಧ್ಯದಲ್ಲಿ ಕೆಂಪಗೆ ಕಾಣುತ್ತಿತ್ತು. ಅದನ್ನು ಬರೀ ಚೌಕಟ್ಟಿನಂತಿರುವ ಡಿವ್ ಟ್ಯಾಗಿನಲ್ಲಿ ಮಾಡಿ, ಕ್ಲಿಕ್ ಆದರೆ ಏನಾಗಬೇಕು ಅಂತ ಜಾವಾಸ್ಕ್ರಿಪ್ಟ್ ಬರೆದಿದ್ದಳು. ಮೌಸ್ ಹಿಡಿದವರಿಗೆ ಅದು ಬಟನ್. ಕೀಬೋರ್ಡಿನಲ್ಲೇ ಕೆಲಸ ಮಾಡುವವರಿಗೆ ಅಲ್ಲಿ ಏನೂ ಇಲ್ಲ. ಟ್ಯಾಬ್ ಅದನ್ನು ಹಾದು ಮುಂದೆ ಹೋಯಿತು.

ಹುಡುಗಿಯ ಮುಖ ಬಾಡಿತು. ಗೆಳತಿಗೆ ಅದು ಧ್ವನಿಯಲ್ಲೇ ಗೊತ್ತಾಯಿತು ಅಂತ ಕಾಣುತ್ತದೆ. "ಬೇಜಾರು ಮಾಡ್ಕೋಬೇಡ. ದಿನಾ ಇಂಥವು ಎಷ್ಟೋ ಸಿಗ್ತವೆ. ನಿನ್ನ ಹಾಗೆ ಪಕ್ಕದಲ್ಲಿ ಕೂತು ಕೇಳೋರೇ ಕಡಿಮೆ" ಅಂದಳು. ಆ ಮಾತು ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. ವೆಬ್‌ಏಮ್ ಅನ್ನುವ ಸಂಸ್ಥೆ 2019ರಿಂದ ಪ್ರತಿ ವರ್ಷ ಹತ್ತು ಲಕ್ಷ ತಾಣಗಳ ಮುಖಪುಟಗಳನ್ನು ಪರೀಕ್ಷೆ ಮಾಡುತ್ತಾ ಬಂದಿದೆ. ಮತ್ತೆ ಮತ್ತೆ ಸಿಗುವುದು ಇವೇ ದೋಷಗಳು: ಮಸುಕಾದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಲೇಬಲ್ ಇಲ್ಲದ ಬಾಕ್ಸ್, ಹೆಸರಿಲ್ಲದ ಲಿಂಕ್ ಮತ್ತು ಬಟನ್. ಸರಿ ಮಾಡಲು ದೊಡ್ಡ ವಿದ್ಯೆಯೇನೂ ಬೇಡ.

ಹುಡುಗಿ ಅಲ್ಲೇ ಸರಿ ಮಾಡಲು ಕೂತಳು. ಡಿವ್ ತೆಗೆದು ಬಟನ್ ಟ್ಯಾಗ್ ಹಾಕಿದಳು. ಅಷ್ಟು ಮಾಡಿದರೆ ಟ್ಯಾಬ್ ಅಲ್ಲಿಗೆ ತಲುಪುವುದು, ಎಂಟರ್ ಇಲ್ಲವೇ ಸ್ಪೇಸ್ ಒತ್ತಿದಾಗ ಕೆಲಸ ಆಗುವುದು, ಎಲ್ಲವನ್ನೂ ಬ್ರೌಸರೇ ನೋಡಿಕೊಳ್ಳುತ್ತದೆ. ಪ್ರತಿ ಬಾಕ್ಸಿಗೂ ಗುರುತಿಗೆ ಒಂದು ಐಡಿ ಕೊಟ್ಟು ಲೇಬಲ್ ಜೋಡಿಸಿದಳು. ತಪ್ಪು ತುಂಬಿದರೆ ಬಾಕ್ಸಿನ ಅಂಚು ಕೆಂಪಾಗುತ್ತಿತ್ತು, ಬೇರೇನೂ ಇರಲಿಲ್ಲ. ಈಗ ಏನು ತಪ್ಪು ಅಂತ ಪದಗಳಲ್ಲೇ ಬರೆದಳು. ಗೆಳತಿ ಮತ್ತೆ ಟ್ಯಾಬ್ ಒತ್ತಿದಾಗ "ಹೆಸರು, ಎಡಿಟ್" ಅಂತ ಕೇಳಿಸಿತು. ಹುಡುಗಿ ಅದನ್ನು ಇನ್ನೊಮ್ಮೆ ಕೇಳಿಸಿ ಅಂತ ಕೇಳಿಕೊಂಡಳು.

ಈ ಹೊತ್ತಿನಲ್ಲೆಲ್ಲ ನಾನು ಕೀಬೋರ್ಡ್ ಮುಟ್ಟಲಿಲ್ಲ. ಕಲಿಸುವವರಿಗೆ ನಾನು ಹೇಳುವುದು ಮುಖ್ಯವಾಗಿ ಇದೊಂದೇ. ನಮಗೆ ಎರಡು ನಿಮಿಷದ ಕೆಲಸಕ್ಕೆ ಅವರಿಗೆ ಇಪ್ಪತ್ತು ನಿಮಿಷ ಬೇಕಾಗುತ್ತದೆ. ಆ ಇಪ್ಪತ್ತು ನಿಮಿಷದಲ್ಲೇ ಕಲಿಕೆ ಇರುವುದು. ಪೈಥಾನಿನಲ್ಲಿ ದೋಷ ಬಂದರೆ ಪರದೆ ತುಂಬ ಸಾಲುಗಳು ಉದುರುತ್ತವೆ. ಹೊಸಬರು ಗಾಬರಿಯಾಗಿ ಅದನ್ನು ಓದುವುದೇ ಇಲ್ಲ. ನಾನು ಕೇಳುವುದು, "ಕೊನೆಯ ಸಾಲು ಜೋರಾಗಿ ಓದು." ಏನು ತಪ್ಪಾಗಿದೆ ಅನ್ನುವುದು ಕೊನೆಯ ಸಾಲಿನಲ್ಲೇ ಇರುತ್ತದೆ, ಎಲ್ಲಿ ತಪ್ಪಾಗಿದೆ ಅನ್ನುವುದು ಅದರ ಮೇಲಿನ ಸಾಲುಗಳಲ್ಲಿ. ಓದುತ್ತಾ ಓದುತ್ತಾ ಅರ್ಧಕ್ಕರ್ಧ ಜನ "ಓ, ಹೆಸರು ತಪ್ಪು ಬರೆದಿದ್ದೀನಿ" ಅಂತ ತಾವೇ ಹೇಳಿಬಿಡುತ್ತಾರೆ. ಆಮೇಲೆ ಅವರಿಗೆ ನನ್ನ ಅಗತ್ಯ ಕಡಿಮೆ. ಅದೇ ಬೇಕಾಗಿರುವುದು, ಅಲ್ವಾ?

ಗೆಳತಿ ಎನ್‌ವಿಡಿಎ ಹುಟ್ಟಿದ ಕಥೆಯನ್ನೂ ಹೇಳಿದಳು. ಅದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕಲ್ ಕರನ್ ಅಂತ. ಅವರಿಗೂ ಕಣ್ಣು ಕಾಣುವುದಿಲ್ಲ. ಆಗ ಸಿಗುತ್ತಿದ್ದ ಇಂಥ ತಂತ್ರಾಂಶಗಳ ಬೆಲೆ ಸಾಮಾನ್ಯ ಜನಕ್ಕೆ ಎಟುಕುವಂತಿರಲಿಲ್ಲ. ಕಂಪ್ಯೂಟರ್ ಕೊಂಡವರು ಅದು ಮಾತಾಡಲಿ ಅಂತ ಮತ್ತೆ ಅಷ್ಟೇ ದುಡ್ಡು ಕೊಡುವ ಪರಿಸ್ಥಿತಿ. 2006ರಲ್ಲಿ ಕರನ್ ಪೈಥಾನಿನಲ್ಲಿ ತಮ್ಮದೇ ಒಂದು ತಂತ್ರಾಂಶ ಬರೆಯಲು ಶುರು ಮಾಡಿದರು. ಜೇಮ್ಸ್ ಟೆ ಅನ್ನುವವರು ಅವರ ಜೊತೆಯಾದರು. ಇವರೂ ದೃಷ್ಟಿಯಿಲ್ಲದವರು, ಇಬ್ಬರಿಗೂ ಹುಡುಗರಾಗಿದ್ದಾಗಲೇ ಒಂದು ಸಂಗೀತ ಶಿಬಿರದಲ್ಲಿ ಪರಿಚಯ. ಇವತ್ತಿಗೂ ಎನ್‌ವಿಡಿಎ ಉಚಿತ, ಅದರ ಕೋಡ್ ಎಲ್ಲರಿಗೂ ತೆರೆದಿದೆ.

ಯಾಕೆ ಮಾಡ್ತಿದ್ದೀನಿ ಗೊತ್ತಾಗಲ್ಲ ಅಂದಿದ್ದ ಆ ಹುಡುಗ ತಲೆ ಎತ್ತಿ ಕೇಳಿದ, "ಪೈಥಾನಾ? ನಾವು ಕಲಿಯೋ ಪೈಥಾನೇನಾ?" ಹೌದು, ಅದೇ ಪೈಥಾನ್. ಅವನು ಕೂಡಲೇ ಆ ಕೋಡ್ ತೆರೆದು ನೋಡತೊಡಗಿದ.

ಇನ್ನೊಬ್ಬಳು ಎಐ ಮಾತು ತೆಗೆದಳು. ತೆಗೆಯಲೇಬೇಕಾದ ಮಾತೇ. ನಿಜ ಹೇಳಬೇಕೆಂದರೆ ಆ ರಕ್ತದಾನದ ಫಾರಂನ ಅರ್ಧ ಕೋಡನ್ನು ಎಐ ಬರೆದುಕೊಟ್ಟಿತ್ತು. ಕೇಳಿದರೆ ಲೇಬಲ್ ಕೂಡ ಹಾಕಿಕೊಡುತ್ತಿತ್ತು. ಕೇಳಬೇಕು ಅಂತ ಗೊತ್ತಾದದ್ದು ಗೆಳತಿ ಪಕ್ಕದಲ್ಲಿ ಕೂತ ಮೇಲೆ. ನಾಳೆ ಎಷ್ಟು ಕೆಲಸ ಉಳಿಯುತ್ತದೆ, ಎಂಥವು ಉಳಿಯುತ್ತವೆ ಅಂತ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಆದರೆ ಯಾರಿಗೆ ಏನು ಬೇಕು ಅಂತ ತಿಳಿದುಕೊಂಡು, ಬಂದದ್ದು ಸರಿಯಿದೆಯಾ ಅಂತ ಪರೀಕ್ಷೆ ಮಾಡಿ, ಕೆಟ್ಟರೆ ಹೊಣೆ ಹೊರುವವರು ಬೇಕೇ ಬೇಕು. ಅದಕ್ಕೆ ಕೋಡ್ ಓದಲು ಬರಬೇಕು. ಬರೆದು ಬರೆದು ಕೈ ಪಳಗದೆ ಓದಲು ಬರುವುದಿಲ್ಲ.

ಇನ್ನೊಂದು ವಿಷಯ ಇವರ ತಲೆಗೆ ಹೋಗಬೇಕು ಅಂತ ನನಗೆ ಬಹಳ ಆಸೆ. ಹೊಸ ಆಪ್ ಕಟ್ಟುವುದೇ ದೊಡ್ಡ ಕೆಲಸ ಅಂದುಕೊಂಡಿದ್ದಾರೆ. ಇರುವುದನ್ನು ಕಾಪಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಹಾರ್ಟ್‌ಬ್ಲೀಡ್ ಕಥೆ ಹೇಳಿದೆ. ತಾಣಗಳ ಜೊತೆ ನಾವು ಮಾಡುವ ವ್ಯವಹಾರ ಗುಟ್ಟಾಗಿ ಇರುವಂತೆ ನೋಡಿಕೊಳ್ಳುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಬಯಲಾದ ದೋಷ ಅದು. 'ಇಷ್ಟು ಉದ್ದದ ಪದ ಕಳಿಸಿದ್ದೇನೆ, ವಾಪಸ್ ಕಳಿಸು' ಅಂದರೆ, ನಿಜವಾಗಿಯೂ ಅಷ್ಟು ಉದ್ದ ಇದೆಯಾ ಅಂತ ಅದು ನೋಡುತ್ತಲೇ ಇರಲಿಲ್ಲ. ಸುಳ್ಳು ಉದ್ದ ಹೇಳಿದವರಿಗೆ ಸರ್ವರಿನ ನೆನಪಿನಲ್ಲಿದ್ದ ಬೇರೆ ಮಾಹಿತಿ, ಒಮ್ಮೊಮ್ಮೆ ಪಾಸ್‌ವರ್ಡ್ ಸಮೇತ, ಒಂದು ಸಲಕ್ಕೆ 64 ಕೆಬಿವರೆಗೆ ಹೋಗಿಬಿಡುತ್ತಿತ್ತು. ಜಗತ್ತಿನ ಅಷ್ಟೊಂದು ತಾಣಗಳು ನಂಬಿಕೊಂಡಿದ್ದ ಆ ಕೋಡನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಇದನ್ನು ಕೇಳಿ ಎಲ್ಲರೂ ಸುಮ್ಮನಾದರು. ಕಾಪಾಡುವ ಕೆಲಸಕ್ಕೆ ಇವರಲ್ಲಿ ಒಬ್ಬರು ಹೋದರೂ ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರು. ದಾರಿಗಳು ಇವೆ. ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಷ್ಟೋ ಯೋಜನೆಗಳು ಹೊಸಬರಿಗೆ ಅಂತಲೇ ಸಣ್ಣ ಕೆಲಸಗಳಿಗೆ 'ಗುಡ್ ಫಸ್ಟ್ ಇಶ್ಯೂ' ಅಂತ ಗುರುತು ಹಾಕಿರುತ್ತವೆ. ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಯೋಜನೆಗಳಲ್ಲಿ ಹೊಸಬರಿಂದ ಕೆಲಸ ಮಾಡಿಸುವ, 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್ ಇದೆ. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು, 2022ರಿಂದ ಓಪನ್ ಸೋರ್ಸಿಗೆ ಹೊಸದಾಗಿ ಬರುವ ಇತರರಿಗೂ ತೆರೆದಿದೆ. ಈ ಕ್ಷೇತ್ರದಲ್ಲಿ ಅವಕಾಶ ಸಿಗದೆ ಹಿಂದೆ ಉಳಿದವರಿಗೆ ಇಂಟರ್ನ್‌ಶಿಪ್ ಕೊಡುವ ಔಟ್‌ರೀಚಿ ಇದೆ. ಅಲ್ಲಿ ಸಂಬಳವೂ ಉಂಟು, ಮನೆಯಲ್ಲೇ ಕೂತು ಕೆಲಸ ಮಾಡಬಹುದು. ಎರಡರಲ್ಲೂ ಜೊತೆಗೆ ನಿಂತು ಹೇಳಿಕೊಡುವ ಅನುಭವಿಗಳು ಇರುತ್ತಾರೆ. ಮೊದಲ ಕೆಲಸ ಅಕ್ಷರದೋಷ ತಿದ್ದುವಷ್ಟು ಚಿಕ್ಕದಾದರೂ ಪರವಾಗಿಲ್ಲ. ಪರಿಚಯವೇ ಇಲ್ಲದ ಯಾರೋ ಅದನ್ನು ಓದಿ ಒಪ್ಪಿಕೊಂಡಾಗ ಆಗುವ ಖುಷಿ ಅವರಿಗೆ ಗೊತ್ತಾಗಬೇಕು.

ಹುಡುಗಿಯಿಂದ ಈಗಷ್ಟೇ ಮೆಸೇಜ್ ಬಂತು. ಮನೆಯಲ್ಲಿ ಎನ್‌ವಿಡಿಎ ಹಾಕಿಕೊಂಡು, ಪರದೆ ಆಫ್ ಮಾಡಿ, ತನ್ನ ಫಾರಂ ತಾನೇ ತುಂಬಿ ನೋಡಿದ್ದಾಳೆ. ಜನ್ಮದಿನಾಂಕ ಆರಿಸುವ ಕ್ಯಾಲೆಂಡರ್ ಕೀಬೋರ್ಡಿಗೆ ಬಗ್ಗುತ್ತಿಲ್ಲವಂತೆ. ಅದಕ್ಕೆ ಬೇರೆಯವರು ಬರೆದಿಟ್ಟ ಕೋಡಿನ ಲೈಬ್ರರಿ ಹುಡುಕಬೇಡ, ದಿನ, ತಿಂಗಳು, ವರ್ಷ ಅಂತ ಮೂರು ಸಾದಾ ಬಾಕ್ಸ್ ಇಟ್ಟು ನೋಡು ಅಂತ ಬರೆದೆ. ಬುಧವಾರ ಗೆಳತಿಗೆ ಬಿಡುವಿದೆ. ಅಷ್ಟರಲ್ಲಿ ಮಾಡಿದರೆ ಅವಳ ಕೈಯಲ್ಲೇ ಪರೀಕ್ಷೆ ಮಾಡಿಸಬಹುದು.