ನೀಲಿ ನೂಲು

ಸಂಜೆ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬರು ಅಕ್ಕ ನಿಂತಿದ್ರು. ಗಾರ್ಮೆಂಟ್ಸ್ ಕೆಲಸದವರು. ಕೇಳೋದೇ ಬೇಡ, ಸೀರೆ ನೆರಿಗೆ ತುಂಬ ನೀಲಿ ನೂಲಿನ ಚೂರು. ಜಡೆಯಲ್ಲೂ ಒಂದೆರಡು.

ಸಣ್ಣ ಪ್ಯಾಕೆಟ್ ಎಣ್ಣೆ, ಐದು ರೂಪಾಯಿ ಹಸಿಮೆಣಸಿನಕಾಯಿ, ಮೂರು ಮೊಟ್ಟೆ.

ಪರ್ಸಿನ ಚಿಲ್ಲರೆ ಎರಡು ಸಲ ಎಣಿಸಿದ್ರು. ಆಮೇಲೆ ಮೆಲ್ಲಗೆ, "ಅಣ್ಣ, ಒಂದು ಮೊಟ್ಟೆ ವಾಪಸ್ ಇಟ್ಕೊಳ್ಳಿ."

"ತಗೊಂಡು ಹೋಗಮ್ಮ, ನಾಳೆ ಕೊಟ್ರಾಯ್ತು."

"ಬೇಡಣ್ಣ, ಬುಕ್ಕಲ್ಲಿ ಆಗ್ಲೇ ಜಾಸ್ತಿ ಆಗಿದೆ. ಸಂಬಳ ಆಗ್ಲಿ."

ಮನೆಯಲ್ಲಿ ಆ ಎರಡು ಮೊಟ್ಟೆ ಯಾರ ತಟ್ಟೆಗೆ ಹೋಗುತ್ತೆ ಅಂತ ಯಾರಿಗೆ ಗೊತ್ತಿಲ್ಲ? ಅವರದ್ದಕ್ಕಂತೂ ಅಲ್ಲ.

ಕೆಲಸ ಇಲ್ಲದವರು ಬಡವರು ಅಂತ ಚಿಕ್ಕಂದಿನಿಂದ ಕೇಳಿದ್ದೀನಿ. ಈ ಅಕ್ಕನಿಗೆ ಕೆಲಸ ಇದೆ. ದಿನವಿಡೀ ಮಷೀನ್ ಮುಂದೆ ಕೂತು ಬಂದಿದ್ದಾರೆ. ತಿಂಗಳಿಗೆ ಒಂದು ಲೀಟರ್ ಎಣ್ಣೆ ಒಟ್ಟಿಗೆ ಕೊಂಡರೆ ಅಗ್ಗ ಅನ್ನೋದು ಅವರಿಗೂ ಗೊತ್ತು. ಒಟ್ಟಿಗೆ ಕೊಡೋಕೆ ದುಡ್ಡು ಬೇಕಲ್ಲ. ಹಾಗಾಗಿ ಅದೇ ಎಣ್ಣೆಗೆ ನನಗಿಂತ ಜಾಸ್ತಿ ಕೊಡ್ತಾರೆ.

2016ರ ಏಪ್ರಿಲ್ ನೆನಪಾಯ್ತು. ಸಂಬಳದಲ್ಲಿ ಹಿಡಿದು ಕೂಡಿಡೋ ಪಿಎಫ್ ದುಡ್ಡು 58 ವರ್ಷ ವಯಸ್ಸಾಗೋವರೆಗೆ ಪೂರ್ತಿ ತೆಗೆಯೋ ಹಾಗಿಲ್ಲ ಅಂದಾಗ, ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಸಂಖ್ಯೆಯಲ್ಲಿ ಇಳಿದವರು ಇಂಥ ಅಕ್ಕಂದಿರೇ. ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಂಡಿತು. ಮಗಳ ಮದುವೆ, ಊರಿನ ಸಾಲ, ಆಸ್ಪತ್ರೆ, ಎಲ್ಲಕ್ಕೂ ಅವರ ಹತ್ತಿರ ಇದ್ದದ್ದು ಅದೊಂದೇ ಗಂಟು.

ನಾನು ಒಂದು ಡಜನ್ ಮೊಟ್ಟೆ ತಗೊಂಡೆ. ಅವರು ವಾಪಸ್ ಕೊಟ್ಟ ಮೊಟ್ಟೆಯೂ ಅದರಲ್ಲೇ ಬಂತು.

ಕೌಂಟರ್ ಮೇಲೆ ಒಂದು ನೀಲಿ ನೂಲು ಉಳಿದಿತ್ತು.